ಮಹಡಿಯ ಪ್ರಾಂತ

ಸಾಯಲಿ ಎಂಬ ಹೆಸರಿನ ನನ್ನ ಸೊಸೆ ಬೇರೆ ಒಲೆ ಹೂಡುತ್ತಿದ್ದಾಳೆಂದು ನನಗೆ ಅನುಮಾನ ಬಂದದ್ದು ಒಂದು ರಟ್ಟಿನ ಡಬ್ಬಿಯಿಂದ. ಮಗ ಪ್ರಣವ ಅದನ್ನು ಸದ್ದಿಲ್ಲದೆ ಮಹಡಿಗೆ ಒಯ್ಯುತ್ತಿದ್ದ. "ಏನೋ ಅದು?" ಎಂದರೆ, "ಏನಿಲ್ಲಮ್ಮ, ಸಾಮಾನು" ಎಂದ. ಡಬ್ಬಿಯ ಮೇಲೆ ಇಂಡಕ್ಷನ್ ಒಲೆಯ ಚಿತ್ರ ಢಾಳಾಗಿ ಕಾಣುತ್ತಿತ್ತು. ನನ್ನ ಮೊಣಕಾಲು ಕೆಟ್ಟಿರಬಹುದು, ಕಣ್ಣು ಕೆಟ್ಟಿಲ್ಲ.

ಮರಾಠಿ ನಾಡಿನ ಕೋಥರೂಡಿನಲ್ಲಿರುವ ನಮ್ಮ ಮನೆಯಲ್ಲಿ ಅಡಿಗೆಮನೆ ಒಂದೇ. ಅದು ಕೆಳಗಿದೆ, ಅದು ನನ್ನದು. ಧಾರವಾಡದ ಅತ್ತೆಯಿಂದ ಬಂದ ಮಡಿ ಇಲ್ಲಿಯೂ ನಡೆದಿದೆ: ಸ್ನಾನವಾಗದೆ ಯಾರೂ ಒಲೆ ಮುಟ್ಟುವಂತಿಲ್ಲ. ಗಂಡಸರು ಸ್ನಾನವಾದರೂ ಮುಟ್ಟುವಂತಿಲ್ಲ. ಅದು ನಾನು ಸೇರಿಸಿದ್ದು. ಸಾಸವಡ ಊರಿನ ಮರಾಠಿ ಹುಡುಗಿ ಸಾಯಲಿ ಎಲ್ಲವನ್ನೂ ನನ್ನನ್ನು ಕೇಳಿಯೇ ಮಾಡುತ್ತಿದ್ದಳು. ಈ ಕಾಲದಲ್ಲಿ ಅಷ್ಟು ವಿನಯ ಯಾರಿಗಿರುತ್ತದೆ? ನಾನು ಆಗಲೇ ಎಚ್ಚರವಾಗಬೇಕಿತ್ತು. ಒಲೆ ಬೇರೆಯಾದರೆ ಮನೆ ಬೇರೆಯಾದಂತೆ. ಮಗ ಕೈಬಿಟ್ಟು ಹೋಗುತ್ತಾನೆಂದೇ ಲೆಕ್ಕ ಹಾಕಿದೆ.

ನಮ್ಮವರು ಬಿಂದುಮಾಧವರಾಯರು ಶಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು. ಅವರ ಹತ್ತಿರ ಹೋಗಿ ದೂರಿದೆ.

"ಏನ್ರಿ, ಮ್ಯಾಲ ಬ್ಯಾರೆ ರಾಜ್ಯ ಕಟ್ಟಲಿಕ್ಕೆ ಹತ್ಯಾರ."

ಅವರು ಪೇಪರು ಮಡಚಿದರು. "ರಾಜ್ಯ ಅಲ್ಲ ಗಂಗೂ. ಭಾಳಂದ್ರ ಪ್ರಾಂತ."

"ಎರಡೂ ಒಂದ ಅಲ್ಲೇನ್ರಿ?"

"ಅಲ್ಲ. ಬ್ರಿಟಿಷರ ಕಾಲಕ್ಕ ನಮ್ಮ ಧಾರವಾಡ ಮುಂಬಯಿ ಪ್ರಾಂತದಾಗ ಇತ್ತು. ಪ್ರಾಂತಕ್ಕ ಅಧಿಕಾರ ಮ್ಯಾಲಿನವರು ಕೊಡಬೇಕು, ಬ್ಯಾಡನಿಸಿದ್ರ ತಗೋತಾರ. ಈಗಿನ ರಾಜ್ಯದ ಅಧಿಕಾರ ಸಂವಿಧಾನದಾಗ ಬರದದ, ದಿಲ್ಲಿಯವರು ಮನಸ್ಸಿಗೆ ಬಂದ್ಹಂಗ ಕಸಗೊಳ್ಳಲಿಕ್ಕೆ ಬರೂದಿಲ್ಲ. ಹಂಗಂತ ಬರೇ ಹೆಸರು ನಂಬಬ್ಯಾಡ. ಕೆನಡಾದಾಗ ಪ್ರಾಂತ ಅಂತಾರ, ಆದ್ರ ಅವು ನಮ್ಮ ರಾಜ್ಯಕ್ಕಿಂತ ಗಟ್ಟಿ. ಕೇಳಿ ಮಾಡಬೇಕೋ, ಕೇಳದ ಮಾಡಬಹುದೋ, ಅಷ್ಟ ನೋಡು."

ಇಷ್ಟು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಮಗನ ಪಕ್ಷ ಸೇರಿದ್ದಾರೆ ಎಂದುಕೊಂಡೆ.

ಆಮೇಲೆ ಪತ್ತೇದಾರಿಕೆ ಶುರುಮಾಡಿದೆ. ಹಾಲಿನ ಪಾಕೀಟು ಕಡಿಮೆಯಾಗುತ್ತಿತ್ತು. ಚಹಾಪುಡಿ ಡಬ್ಬಿಯ ಮುಚ್ಚಳ ಓರೆಯಾಗಿರುತ್ತಿತ್ತು. "ಬ್ಯಾರೆ ಮನಿ ಮಾಡಾವ್ರೇನವಾ?" ಎಂದು ಸಾಯಲಿಯನ್ನು ನೇರವಾಗಿಯೇ ಕೇಳಿದೆ. "ಇಲ್ಲ ಆಯಿ, ಇಲ್ಲ" ಎಂದಳು. ಒಂದೇ ಸಲ ಇಲ್ಲವೆಂದಿದ್ದರೆ ನಂಬುತ್ತಿದ್ದೆನೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಮರುದಿನ ಬೆಳಿಗ್ಗೆ ನಾನು ಪೂಜೆಯಲ್ಲಿದ್ದಾಗ ಮಹಡಿಯಿಂದ ಹಾಲು ಉಕ್ಕಿದ ವಾಸನೆ ಬಂತು. ಹೊಸ ಮನೆ ಹೂಡುವವರು ಮೊದಲು ಮಾಡುವುದೇ ಹಾಲು ಉಕ್ಕಿಸುವುದು. ದೇವರಿಗೆ ಅರ್ಧ ಮಂಗಳಾರತಿ ಎತ್ತಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಮಗ-ಸೊಸೆಯ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಬಾಲ್ಕನಿಯಲ್ಲಿ ಒಲೆಯ ಮುಂದೆ ನಿಂತಿದ್ದವರು ನಮ್ಮವರು. ಸ್ನಾನವಿಲ್ಲ, ಸಂಧ್ಯಾವಂದನೆಯಿಲ್ಲ, ಮೈಮೇಲೆ ರಾತ್ರಿಯ ಬನಿಯನ್, ಕೈಯಲ್ಲಿ ಇಕ್ಕಳ.

"ನೀವಾ?"

"ಹೌದು. ಒಲಿ ತಾ ಅಂತ ಪ್ರಣವಗ ನಾನ ಹೇಳಿದ್ದು. ಎದ್ದಕೂಡಲೆ ಒಂದು ಕಪ್ಪು ಚಹಾ, ನನ್ನ ಕೈಯಾರೆ, ಯಾರನ್ನೂ ಕೇಳದ. ಮದುವಿ ಆದಾಗಿಂದ ಆಶಾ ಇತ್ತು, ಗಂಗೂ."

"ನನಗ ಒಂದು ಮಾತು ಹೇಳಬಹುದಿತ್ತಲ್ಲ."

"ನಿನಗ ಹೇಳೂದು ಅಂದ್ರ ಕೇಳೂದ ಆಗತದ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಸೊಸೆಗೆ ಕಾವಲು ಕೂತವಳಿಗೆ ಪಕ್ಕದಲ್ಲೇ ಮಲಗುವವರ ಸುಳಿವು ಸಿಕ್ಕಿರಲಿಲ್ಲ. ಅವರು ಉಕ್ಕಿದ ಹಾಲು ಒರೆಸಿ, ಇನ್ನೊಂದು ಕಪ್ಪು ತುಂಬಿ ನನಗೆ ಕೊಟ್ಟರು. ಮಡಿಯಲ್ಲಿದ್ದೇನೆಂಬುದನ್ನೂ ಮರೆತು ಒಂದು ಗುಟುಕು ಕುಡಿದೆ. ಗಂಟಲು ಉರಿಯುವಷ್ಟು ಶುಂಠಿ ಜಜ್ಜಿ ಹಾಕಿದ್ದರು. ಈ ಮನುಷ್ಯನಿಗೆ ಶುಂಠಿ ಅಷ್ಟು ಇಷ್ಟವೆಂದು ನನಗೆ ಗೊತ್ತೇ ಇರಲಿಲ್ಲ.