ಒಂದೇ ಸೀಟಿನ ಸ್ಕೂಟರ್

ಬಾಲಚಂದ್ರನಿಗೆ ಒಂದು ಸೌಟು ಕೊಳ್ಳುವುದಕ್ಕೂ ಹದಿನೈದು ದಿನ ಬೇಕು. ಮೊದಲು ಊರಿನ ಅಂಗಡಿಗಳಲ್ಲಿರುವ ಸೌಟುಗಳನ್ನೆಲ್ಲ ನೋಡಬೇಕು, ಆಮೇಲೆ ಇಂಟರ್ನೆಟ್ಟಿನಲ್ಲಿರುವುದನ್ನು ನೋಡಬೇಕು, ಅದೂ ಮುಗಿದ ಮೇಲೆ ಸೌಟು ಕೊಂಡು ಪಶ್ಚಾತ್ತಾಪಪಟ್ಟವರ ಅನುಭವ ಓದಬೇಕು. ಅಷ್ಟು ದಿನ ಮನೆಯವರು ಸಾರನ್ನು ಲೋಟದಲ್ಲಿ ಮೊಗೆದು ಬಡಿಸಿಕೊಂಡಿರುತ್ತಾರೆ. ಇಂಥವನ ಕಿವಿಗೆ ಪ್ರಫುಲ್ಲಾ ತಾನಾಗಿಯೇ ಹೋಗಿ ಹಾಕಿದ್ದಳು, ತನಗೊಂದು ಸ್ನೋಮೊಬೈಲ್ ಬೇಕು ಎಂದು. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೂ ಇಂಥ ತಪ್ಪು ಮಾಡಿದರೆ ಯಾರನ್ನು ದೂರುವುದು?

ಸ್ವೀಡನ್ನಿನ ಓರೆಬ್ರೂದಲ್ಲಿ ಡಾಕ್ಟರೇಟ್ ಮುಗಿಸಿದ ಪ್ರಫುಲ್ಲಾಳಿಗೆ ಉತ್ತರದ ಓಸ್ಟರ್‌ಸುಂಡ್‌ನಲ್ಲಿ ಕೆಲಸ ಸಿಕ್ಕಿತ್ತು. ಕಾಡಿನ ನಡುವಿನ ಜೌಗು ನೆಲಗಳ ಮೇಲೆ ಹಿಮ ಎಷ್ಟು ಕೂತಿದೆ, ಅದರಡಿಯಲ್ಲಿ ಮಣ್ಣು ಎಷ್ಟು ಆಳದವರೆಗೆ ಹೆಪ್ಪುಗಟ್ಟಿದೆ ಎಂದು ಅಳೆಯುವ ಕೆಲಸ. ಚಳಿಗಾಲದಲ್ಲಿ ಅಲ್ಲಿಗೆ ಮುಟ್ಟಬೇಕಾದರೆ ಸ್ನೋಮೊಬೈಲೇ ಗತಿ. ಮುಂದೆ ಎರಡು ಸ್ಕೀ, ಅಡಿಯಲ್ಲಿ ಗಿರಗಿರನೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಇಲ್ಲಿಯವರು ಅದನ್ನು ಸ್ಕೂಟರ್ ಎಂದೇ ಕರೆಯುತ್ತಾರೆ. ಲೈಸೆನ್ಸ್ ಮಾಡಿಸಿಕೊಂಡು ಕಚೇರಿಯ ಹಳೆಯ ಗಾಡಿ ಓಡಿಸಲು ಶುರುಮಾಡಿದವಳಿಗೆ ಕೆಲಸಕ್ಕಿಂತ ದಾರಿಯೇ ಹೆಚ್ಚು ಹಿಡಿಸಿತು. ಆದರೆ ಕಚೇರಿಯ ಗಾಡಿ ಸಾಮಾನು ಎಳೆಯುವುದಕ್ಕೆಂದೇ ಇದ್ದದ್ದು, ತಿರುವಿನಲ್ಲಿ ಮುದಿ ಎಮ್ಮೆಯ ಹಾಗೆ ಮುಖ ತಿರುಗಿಸುತ್ತಿತ್ತು. ಅವಳಿಗೆ ಬೇಕಾದದ್ದು ಕಾಡಿನ ಟ್ರೇಲ್‌ನಲ್ಲಿ ಮೈಚಳಿ ಬಿಟ್ಟು ಓಡಿಸುವಂಥದು: ಎಂಟುನೂರೈವತ್ತು ಸಿಸಿ ಎಂಜಿನ್, ಗಿಡ್ಡ ಪಟ್ಟಿ, ಉಬ್ಬುತಗ್ಗಿಗೆ ಬಗ್ಗದ ಗಟ್ಟಿ ಶಾಕ್ ಅಬ್ಸಾರ್ಬರ್, ಒಂದೇ ಸೀಟು. ಮನೆಯ ಸೋಫಾ, ಕಾರು, ಪರದೆಯ ಬಣ್ಣ, ಕೊನೆಗೆ ಕುಕ್ಕರ್ ಕೂಡ ಗಂಡನ ಆಯ್ಕೆ. ಇದೊಂದಾದರೂ ತನ್ನದಾಗಿರಲಿ ಎಂದು ಅವಳ ಆಸೆ.

ಅದನ್ನು ಹೇಳಿ ಎರಡನೇ ಚಳಿಗಾಲ ನಡೆಯುತ್ತಿತ್ತು. ಹೋದ ವರ್ಷ ಬಾಲಚಂದ್ರನ ಸಂಶೋಧನೆ ಮುಗಿಯುವ ಹೊತ್ತಿಗೆ ಊರ ಮುಂದಿನ ಸರೋವರ ಕರಗಿ ಅದರಲ್ಲಿ ಬಾತುಕೋಳಿ ಈಜುತ್ತಿದ್ದವು. ಈ ವರ್ಷ ಅವನು ಸಲಹೆಗಾರರನ್ನೂ ಸೇರಿಸಿಕೊಂಡ. ಒಬ್ಬ ಸಂದೀಪ್, ಬಾಲಚಂದ್ರ ಮನೆಯಿಂದಲೇ ಕೆಲಸ ಮಾಡುವ ಕಂಪನಿಯ, ದೇಶದ ದಕ್ಷಿಣ ತುದಿಯ ಹೆಲ್ಸಿಂಗ್‌ಬೋರ್ಯ್ ಆಫೀಸಿನವನು. ಅಲ್ಲಿ ಹಿಮ ಬೀಳುವುದೇ ಅಪರೂಪ, ಬಿದ್ದರೂ ಮಧ್ಯಾಹ್ನದೊಳಗೆ ನೀರು. ಆದರೂ ಅವನು ವಿಡಿಯೋ ನೋಡಿ ನೋಡಿ ಸ್ನೋಮೊಬೈಲ್ ಪಂಡಿತನಾಗಿದ್ದ. ಇನ್ನೊಬ್ಬ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ವೈದ್ಯಕೀಯ ಸಂಶೋಧಕನಾಗಿರುವ ಗೆಳೆಯ ಕಾರ್ತಿಕೇಯ. ಅವನು ಗಾಡಿಯ ಬಗ್ಗೆ ಚಕಾರ ಎತ್ತಲಿಲ್ಲ, ಬೆನ್ನುಮೂಳೆ ಮುರಿದವರ ಕುರಿತ ಪೇಪರ್‌ಗಳನ್ನು ಮಾತ್ರ ಒಂದರ ಹಿಂದೊಂದು ಕಳಿಸುತ್ತಿದ್ದ.

"ಸಂದೀಪ್ ಹೇಳ್ತಾನೆ, ಫೋರ್ ಸ್ಟ್ರೋಕೇ ತಗೋಬೇಕಂತೆ. ರಿಲಯಬಲ್ ಅಂತೆ," ಎಂದು ಬಾಲಚಂದ್ರ ಊಟದ ಹೊತ್ತಿನಲ್ಲಿ ಶುರು ಮಾಡುತ್ತಿದ್ದ.

"ಸಂದೀಪ್ ಓಡಿಸ್ತಾನಾ?"

"ಇಲ್ಲ. ಆದ್ರೆ ತುಂಬಾ ಓದ್ಕೊಂಡಿದಾನೆ. ಪಟ್ಟಿನೂ ಉದ್ದದ್ದೇ ಇರ್ಲಿ ಅಂತ. ಆಮೇಲೆ ಹಿಂದೆ ಒಂದು ಸೀಟ್ ಇದ್ರೆ ಒಳ್ಳೇದಲ್ವಾ?"

"ಯಾಕ್ರೀ ಹಿಂದೆ ಸೀಟು? ಮಾರ್ಕೆಟ್‌ಗೆ ಹೋಗಿ ಸೊಪ್ಪು ತರೋಕಾ?"

"ಇರ್ಲಿ ಅಂತ."

ಈ 'ಇರ್ಲಿ ಅಂತ' ಎನ್ನುವ ಮಾತು ಕೇಳಿದರೆ ಪ್ರಫುಲ್ಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇರಲಿ ಅಂತ ಏಳು ಸೀಟಿನ ಕಾರು ಕೊಂಡಿದ್ದರು, ಮನೆಯಲ್ಲಿದ್ದವರು ಮೂವರು. ಹದಿಮೂರು ವರ್ಷದ ಮಗಳು ಇರಾ ತಟ್ಟೆಯಿಂದ ತಲೆ ಎತ್ತದೆ, ಅಮ್ಮ ಸುಮ್ಮನೆ ಹೋಗಿ ತಗೊಂಡುಬಿಡಬಾರದಾ ಎಂದು ಸ್ವೀಡಿಷಿನಲ್ಲಿ ಗೊಣಗುತ್ತಿದ್ದಳು. ಅವಳು ಹೇಳುವುದೇನೋ ಸರಿಯೇ. ಆದರೆ ಗಂಡನನ್ನು ಬಿಟ್ಟು ಹೋಗಿ ಕೊಂಡರೆ ಅದು ಜಗಳವಾಡಿ ಕೊಂಡ ಗಾಡಿಯಾಗುತ್ತದೆ, ಪ್ರಫುಲ್ಲಾಳಿಗೆ ಅದು ಬೇಕಿರಲಿಲ್ಲ. ಅವನು ಒಮ್ಮೆ ಬಾಯಿ ತುಂಬ 'ತಗೋ' ಎನ್ನಬೇಕಿತ್ತು.

ಕೊನೆಗೆ ಮಾರ್ಚ್‌ನ ಸ್ಕೂಲು ರಜೆಯ ಮೊದಲ ಶನಿವಾರ, ಇರಾಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಪ್ರಫುಲ್ಲಾ ಊರಾಚೆಯ ಶೋರೂಮಿಗೆ ಹೋದಳು. ಅಲ್ಲಿದ್ದ ಮಾರಾಟಗಾರ ಮಾಟ್ಸ್ ಅಷ್ಟಾಗಿ ಮಾತಾಡುವವನಲ್ಲ. ಬಾಲಚಂದ್ರ ಆ ಕೊರತೆಯನ್ನು ತುಂಬಿಕೊಟ್ಟ. ಮೊದಲ ಪ್ರಶ್ನೆಯೇ, ಮೈಲೇಜ್ ಎಷ್ಟು ಕೊಡುತ್ತದೆ? ಎರಡನೆಯದು, ಬ್ಯಾಟರಿ ಕೈಕೊಟ್ಟರೆ ಹಗ್ಗ ಎಳೆದು ಸ್ಟಾರ್ಟ್ ಮಾಡಬಹುದೇ? ಮೂರನೆಯದು, ಫೋನ್ ಚಾರ್ಜ್ ಮಾಡುವುದಕ್ಕೆ ಜಾಗ ಇದೆಯೇ? ನೂರೈವತ್ತು ಕುದುರೆಗಳ ಬಲವಿರುವ ಗಾಡಿಯ ಮುಂದೆ ನಿಂತು ಫೋನ್ ಚಾರ್ಜರ್ ಕೇಳುವ ಗಂಡನ ಪಕ್ಕದಲ್ಲಿ ನಿಲ್ಲಲಾರದೆ ಪ್ರಫುಲ್ಲಾ ಗ್ಲೌಸ್‌ಗಳ ಕಪಾಟಿನತ್ತ ಹೋಗಿ ಬೇಡದ ಗ್ಲೌಸ್ ಒಂದನ್ನು ನೋಡುತ್ತ ನಿಂತಳು.

ಮಾಟ್ಸ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ. "ಓಡಿಸುವವರು ಯಾರು?"

"ನಾವು," ಎಂದ ಬಾಲಚಂದ್ರ.

"ನಾನು," ಎಂದಳು ಪ್ರಫುಲ್ಲಾ ಕಪಾಟಿನ ಹತ್ತಿರದಿಂದಲೇ.

ಶೋರೂಮಿನ ಹಿಂದೆ ಓಡಿಸಿ ನೋಡುವುದಕ್ಕೆಂದೇ ದೊಡ್ಡ ಬಯಲಿತ್ತು, ಅದರಾಚೆ ಕಾಡಿನಂಚಿನಲ್ಲಿ ಸುತ್ತಿ ಬರುವ ಟ್ರೇಲ್. ಬಾಲಚಂದ್ರನ ಸಮಾಧಾನಕ್ಕೆಂದು ಮೊದಲು ಎರಡು ಸೀಟಿನ, ಉದ್ದ ಪಟ್ಟಿಯ ಫೋರ್ ಸ್ಟ್ರೋಕ್ ಗಾಡಿ ಹೊರಬಂತು. ಅವನು ಹಿಂದೆ ಕೂತ. ಕೂತವನು ಸುಮ್ಮನೆ ಕೂತನೇ? "ನಿಧಾನ, ನಿಧಾನ. ಎಡಕ್ಕೆ ಕಲ್ಲಿದೆ ನೋಡು. ಬ್ರೇಕ್ ಹಿಡಿ." ಕಲ್ಲು ಅಲ್ಲೆಲ್ಲೋ ದೂರದಲ್ಲಿತ್ತು, ಅದೂ ಹಿಮದ ಗುಡ್ಡೆ. ಗಾಡಿಯೇನೂ ಕೆಟ್ಟದ್ದಲ್ಲ, ಸೀಟು ಬೆಚ್ಚಗಿತ್ತು, ಎಂಜಿನ್ ಸದ್ದಿಲ್ಲದೆ ಓಡುತ್ತಿತ್ತು. ಆದರೆ ತಿರುವಿಗೆ ಬಂದಾಗಲೆಲ್ಲ ಉದ್ದ ಪಟ್ಟಿ ನೇರಕ್ಕೇ ಹೋಗುತ್ತೇನೆಂದು ಹಟ ಹಿಡಿಯುತ್ತಿತ್ತು. ಹಿಂದಿನವನ ಕೈಗಳು ಅವಳ ಸೊಂಟವನ್ನು ಹಿಡಿದ ಹಿಡಿತಕ್ಕೆ ಉಸಿರು ಕಟ್ಟುತ್ತಿತ್ತು. ಒಂದೇ ಸುತ್ತಿಗೆ ಅವಳು ಗಾಡಿ ವಾಪಸು ತಂದು ನಿಲ್ಲಿಸಿದಳು.

"ಚೆನ್ನಾಗಿದೆಯಲ್ಲಾ," ಎಂದ ಬಾಲಚಂದ್ರ ಇಳಿಯುತ್ತ.

ಪ್ರಫುಲ್ಲಾ ಪಕ್ಕದಲ್ಲಿದ್ದ ಕೆಂಪು ಗಾಡಿ ಹತ್ತಿದಳು. ಒಂದೇ ಸೀಟು. ಹಗುರವಾಗಿ ಎಕ್ಸಲರೇಟರ್ ಒತ್ತಿದ್ದಕ್ಕೇ ಅದು ಮುಂದಕ್ಕೆ ಚಿಮ್ಮಿತು. ಬಯಲು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಟ್ರೇಲ್‌ನ ಮೊದಲ ತಿರುವಿನಲ್ಲಿ ಅವಳು ಮೈಯನ್ನು ಒಳಕ್ಕೆ ವಾಲಿಸಿದಳು, ಗಾಡಿಯೂ ಅವಳ ಜೊತೆಗೇ ವಾಲಿತು, ಒಂದು ಕ್ಷಣವೂ ತಡಮಾಡಲಿಲ್ಲ. ಉಬ್ಬುಗಳ ಮೇಲೆ ಮಂಡಿ ಬಗ್ಗಿಸಿ ನಿಂತುಕೊಂಡೇ ಹೋದಳು. ಸ್ಪ್ರೂಸ್ ಮರಗಳ ನಡುವೆ ಹೋಗುತ್ತಿದ್ದಾಗ ತಾನು ಜೋರಾಗಿ ನಗುತ್ತಿದ್ದೇನೆಂದು ಹೆಲ್ಮೆಟ್ಟಿನೊಳಗಿನ ಸದ್ದಿನಿಂದ ಅವಳಿಗೇ ಗೊತ್ತಾಯಿತು. ಇನ್ನೊಂದು ಸುತ್ತು, ಆಮೇಲೆ ಮತ್ತೊಂದು ಹೋದಳು. ಸಂತೋಷ ಎಂದರೆ ಇದೇ, ಇದಕ್ಕೆ ಇನ್ಯಾರ ಸಲಹೆಯೂ ಬೇಡ ಎನ್ನಿಸಿತು.

ಕಾಡಿನಂಚು ದಾಟಿ ಬರುತ್ತಿದ್ದಂತೆ ಬಯಲಿನ ನಡುವೆ ಬಾಲಚಂದ್ರ ಕಂಡ. ಮಂಡಿಯವರೆಗೆ ಹಿಮದಲ್ಲಿ ಹೂತುಕೊಂಡು, ಗ್ಲೌಸ್ ಇಲ್ಲದ ಎರಡೂ ಕೈ ಬೀಸುತ್ತ, ಕಾಡಿನ ಕಡೆಗೆ ನಡೆದು ಬರುತ್ತಿದ್ದ. ಪ್ರಫುಲ್ಲಾಳ ಸಂತೋಷವೆಲ್ಲ ಜರ್ರನೆ ಇಳಿಯಿತು. ಗಾಡಿಯನ್ನು ಅವನ ಪಕ್ಕದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿದಳು. ಹೆಲ್ಮೆಟ್ ಹಾಕಿಕೊಂಡಿದ್ದರಿಂದ ಅವಳ ಮಾತು ಕೂಗಿನಂತೆ ಹೊರಬಂತು.

"ಏನ್ರೀ ಇದು? ಹತ್ತು ನಿಮಿಷ ನನ್ನ ಪಾಡಿಗೆ ನನ್ನ ಬಿಡೋಕಾಗಲ್ವಾ? ಎರಡು ವರ್ಷದಿಂದ ಸಾಕಾಗಿಹೋಗಿದೆ ನಂಗೆ. ಮೈಲೇಜಂತೆ, ಚಾರ್ಜರಂತೆ, ಹಿಂದಿನ ಸೀಟಂತೆ. ಇಷ್ಟ ಇಲ್ದಿದ್ರೆ ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬಿಡಿ, ಮುಗಿದುಹೋಗ್ಲಿ."

ಅವನು ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಹೆಲ್ಮೆಟ್ ತೆಗಿ ಎಂದು ಕೈಸನ್ನೆ ಮಾಡಿದ. ಅವಳು ಸಿಟ್ಟಿನಿಂದಲೇ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಆವತ್ತು ಹಿಮದ ಕೆಳಗಿನ ನೀರಲ್ಲಿ ಗಾಡಿ ಸಿಕ್ಕಾಕ್ಕೊಂಡಿತ್ತಲ್ಲ," ಎಂದ ಬಾಲಚಂದ್ರ, ಅವಳ ಮುಖ ನೋಡದೆ. "ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷದ ಮಾರ್ಚಲ್ಲಿ."

ಅವಳಿಗೆ ನೆನಪಿತ್ತು. ಜೌಗಿನ ಮೇಲಿನ ಹಿಮ ಗಟ್ಟಿಯಾಗಿ ಕಂಡಿತ್ತು, ಅಡಿಯಲ್ಲಿ ನೀರಿತ್ತು. ಅವಳೂ ಜೊತೆಗಿದ್ದ ಸಹೋದ್ಯೋಗಿಯೂ ಸೇರಿ ಗಾಡಿಯನ್ನು ಅಗೆದು ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಮನೆಗೆ ಬಂದವಳೇ ಅದನ್ನೊಂದು ತಮಾಷೆಯ ಕಥೆ ಮಾಡಿ ಹೇಳಿದ್ದಳು. ಅವನು ಸಾರು ಬಿಸಿ ಮಾಡಿ ಬಡಿಸಿದ್ದ, ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ ಎಂದು ಕೇಳಿದ್ದ. ಅಷ್ಟೇ.

"ನೀನು ನಗ್ತಾ ಬಂದೆ," ಎಂದ ಅವನು. "ನಾನು ಅಲ್ಲಿವರೆಗೂ ಯಾರಿಗೆ ಫೋನ್ ಮಾಡೋದು ಅಂತ ಕೂತಿದ್ದೆ. ಪೊಲೀಸ್‌ಗಾ, ನಿನ್ನ ಆಫೀಸ್‌ಗಾ, ಏನಂತ ಹೇಳೋದು. ಇರಾ ಅಮ್ಮ ಎಲ್ಲಿ ಅಂತ ಕೇಳಿದ್ಲು. ಬರ್ತಾಳೆ ಅಂದೆ. ನಂಗೇ ಗೊತ್ತಿರ್ಲಿಲ್ಲ ಕಣೇ."

ಎರಡು ವರ್ಷ ತಲೆ ತಿಂದ ಪ್ರಶ್ನೆಗಳೆಲ್ಲ ಒಂದೊಂದಾಗಿ ಬೇರೆಯೇ ಆಗಿ ಕೇಳಿಸತೊಡಗಿದವು. ಮೈಲೇಜ್ ಎಷ್ಟು ಎಂದರೆ ಕಾಡಿನ ನಡುವೆ ಪೆಟ್ರೋಲ್ ಮುಗಿದರೆ ಎಂದು. ಉದ್ದ ಪಟ್ಟಿ ಎಂದರೆ ಹೂತುಕೊಳ್ಳದಿರಲಿ ಎಂದು. ಚಾರ್ಜರ್ ಎಂದರೆ ಫೋನ್ ಸಾಯದಿರಲಿ ಎಂದು. ಹಿಂದಿನ ಸೀಟು ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ.

ಕರುಣೆ ಬಂತು, ಅದರ ಬೆನ್ನಿಗೇ ಮೊದಲಿಗಿಂತ ಹೆಚ್ಚು ಸಿಟ್ಟೂ ಬಂತು.

"ಇದನ್ನ ಆವತ್ತೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಬೇಡ ಅಂದ ಹಾಗಾಗುತ್ತಲ್ಲ. ನಿಂಗೆ ಬೇಡ ಅನ್ನೋಕೆ ನಂಗಿಷ್ಟ ಇರ್ಲಿಲ್ಲ."

"ಎರಡು ಚಳಿಗಾಲ ನೀವು ಹೇಳ್ತಾ ಬಂದಿದ್ದು ಬೇಡ ಅಂತಲೇ. ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ."

ಬಾಲಚಂದ್ರ ಕೆಂಪಾದ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ. ಪ್ರಫುಲ್ಲಾ ಆ ಕೈಗಳನ್ನೇ ನೋಡಿದಳು. ಎರಡು ಸೀಟಿನದನ್ನೇ ತೆಗೆದುಕೊಂಡರೆ ಇವನು ನಿದ್ದೆ ಮಾಡುತ್ತಾನೆ, ತೆಗೆದುಕೊಂಡುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಹಾಗೆ ತೆಗೆದುಕೊಂಡರೆ ಮುಂದೆ ಜೀವನಪೂರ್ತಿ ಅದರ ಪ್ರತಿಯೊಂದು ತಿರುವಿನಲ್ಲೂ ತಾನು ಇವನನ್ನು ಬೈಯುತ್ತೇನೆ ಎಂಬುದೂ ಅವಳಿಗೆ ಗೊತ್ತಿತ್ತು. ತನ್ನ ಗ್ಲೌಸ್ ಬಿಚ್ಚಿ ಅವನಿಗೆ ಕೊಟ್ಟಳು.

"ನಿಮ್ಮ ಭಯ ನಂಗೆ ಅರ್ಥ ಆಗುತ್ತೆ. ಆದ್ರೆ ನಿಮ್ಮ ಭಯಕ್ಕೆ ಅಂತ ಗಾಡಿ ತಗೊಳ್ಳೋಕಾಗಲ್ಲ. ನಂಗೆ ಬೇಕಾಗಿರೋದು ಇದು."

ಅವನು ಅವಳ ಗ್ಲೌಸ್‌ಗಳನ್ನು ಹಾಕಿಕೊಂಡ. ಅರ್ಧ ಬೆರಳೂ ಹಿಡಿಯಲಿಲ್ಲ. ಕೆಂಪು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದ. ಆಮೇಲೆ, "ತಗೋ," ಎಂದ.

ಬಾಯಿ ತುಂಬ ಹೇಳಿದ್ದಲ್ಲ, ಆದರೂ ಪ್ರಫುಲ್ಲಾಳಿಗೆ ಅಷ್ಟು ಸಾಕಾಗಿತ್ತು.

ಮುಂದಿನ ಭಾನುವಾರ ಅವಳು ಗೆಳತಿಯೊಬ್ಬಳ ಜೊತೆ ಬೆಟ್ಟದ ಟ್ರೇಲ್‌ಗೆ ಹೊರಟಳು, ಗೆಳತಿ ತನ್ನದೇ ಗಾಡಿಯಲ್ಲಿ. ಶೆಡ್ಡಿನ ಬಾಗಿಲು ತೆಗೆದು ನೋಡಿದರೆ ಕೆಂಪು ಗಾಡಿಯ ಹಿಂಭಾಗದಲ್ಲಿ, ಇನ್ನೊಂದು ಸೀಟು ಇರಬಹುದಾಗಿದ್ದ ಜಾಗದಲ್ಲಿ, ದೊಡ್ಡದೊಂದು ಚೀಲ ಕೂತಿತ್ತು. ಮಡಚುವ ಸಲಿಕೆ, ಹಗ್ಗ, ಒಂದು ಜೊತೆ ಒಣ ಕಾಲುಚೀಲ, ಎರಡು ಪವರ್ ಬ್ಯಾಂಕ್, ಫ್ಲಾಸ್ಕ್, ಡಬ್ಬಿಯಲ್ಲಿ ಚಿತ್ರಾನ್ನ. ಇಷ್ಟು ಭಾರ ಹಿಂದೆ ಕೂತರೆ ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲವೆಂದು ಇವನಿಗೆ ಯಾರು ತಿಳಿಸಿ ಹೇಳಬೇಕು? ಬಿಚ್ಚೋಣವೆಂದರೆ ಗಂಟುಗಳನ್ನು ಹಲ್ಲಿನಿಂದಲೂ ಬಿಚ್ಚಲಾಗದ ಹಾಗೆ ಬಿಗಿದಿದ್ದ. ಬೈದುಕೊಳ್ಳುತ್ತಲೇ ಹಾಗೆಯೇ ಹೊರಟಳು. ದಾರಿಯುದ್ದಕ್ಕೂ ಚೀಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಗ್ಗುತ್ತಿತ್ತು. ಅವಳು ಅದಕ್ಕೆ ತಕ್ಕ ಹಾಗೆ ಮೈ ವಾಲಿಸುವುದನ್ನು ಕಲಿತುಕೊಂಡಳು.

ಬೆಟ್ಟದ ಮೇಲಿನ ಗುಡಿಸಲಿನ ಹತ್ತಿರ ಸಿಗ್ನಲ್ ಬಂತು. ಫೋನ್ ಮಾಡಿದಳು. ಒಂದು ರಿಂಗ್ ಪೂರ್ತಿಯಾಗುವ ಮೊದಲೇ ಅವನು ಎತ್ತಿದ.

"ಮೇಲೆ ಬಂದಾಯ್ತು," ಎಂದಳು.

ಆ ಕಡೆಯಿಂದ ಬಾಲಚಂದ್ರ ಕೇಳಿದ, "ಮೈಲೇಜ್ ಎಷ್ಟು ಕೊಡ್ತು?"

ಪ್ರಫುಲ್ಲಾ ಬಗ್ಗಿ ಪೆಟ್ರೋಲಿನ ಮುಳ್ಳು ನೋಡಿದಳು.

"ಮನೆಗೆ ಬರೋಷ್ಟಿದೆ ಕಣ್ರೀ," ಎಂದಳು.