ಆರ್ಕಿಡ್ ಕೆಳಗಿನ ತಟ್ಟೆ

ವಾರಿಜಾಳ ಆರ್ಕಿಡ್ ಗಿಡಗಳಿಗೆ ಮಣ್ಣಿಲ್ಲ. ಗೋರೆಗಾಂವ್‌ನ ಮೂರನೆಯ ಮಾಳಿಗೆಯ ಮನೆಯಲ್ಲಿ, ಕಿಟಕಿಯ ಒಳಮಗ್ಗುಲಿಗೆ, ಸುಟ್ಟ ಜೇಡಿಮಣ್ಣಿನ ಗುಂಡುಗಳು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಅವು ಬೇರು ಬಿಟ್ಟು ನಿಂತಿವೆ. ಮೊದಲು ಇದ್ದಿಲು, ತೊಗಟೆಯಲ್ಲಿ ಬೆಳೆಸಲು ಹೋಗಿದ್ದಳು. ಮುಂಬಯಿಯ ಮಳೆಗಾಲದ ತೇವಕ್ಕೆ ಗಿಡಗಳು ಒಂದೊಂದಾಗಿ ಕೊಳೆತ ಮೇಲೆ ಫೋನಿನಲ್ಲಿ ಹುಡುಕಿ ಕಲಿತ ದಾರಿ ಇದು. ಡಬ್ಬಿಯ ತಳದಿಂದ ಎರಡು ಬೆರಳು ಮೇಲೆ, ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ತೂತು. ನೀರು ಆ ತೂತಿನವರೆಗೆ ಮಾತ್ರ ನಿಲ್ಲುತ್ತದೆ. ಬೇಕಾದಷ್ಟನ್ನು ಗುಂಡುಗಳೇ ಹೀರಿ ಬೇರಿಗೆ ಕೊಡುತ್ತವೆ. ಭಾನುವಾರ ಬಂದರೆ ಡಬ್ಬಿಗಳನ್ನು ಬಚ್ಚಲಿಗೆ ಒಯ್ದು, ಹಳೆಯ ನೀರು ಚೆಲ್ಲಿ, ಗುಂಡುಗಳ ಮೇಲೆ ನಲ್ಲಿ ಬಿಟ್ಟು ತೊಳೆದು, ಹೊಸ ನೀರು ಹಾಕುತ್ತಾಳೆ. ಗಿಡಕ್ಕೆ ಉಣ್ಣಿಸುವುದಕ್ಕಿಂತ ಅದು ಉಂಡ ಎಂಜಲು ತೊಳೆಯುವುದೇ ದೊಡ್ಡ ಕೆಲಸ.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಗಿಡ ಮೊಗ್ಗು ಬಿಟ್ಟಿತು. ಮೊಗ್ಗಿನ ತೊಟ್ಟಿನಲ್ಲಿ ಜೇನಿನಂಥ ಅಂಟು ಹನಿ. ಅದನ್ನು ಹುಡುಕಿಕೊಂಡು ಇರುವೆಗಳ ಸಾಲು ಬಂತು. ಗಂಡ ಸದಾನಂದ ನೋಡಿ ನಕ್ಕ. ಬೈಕುಲ್ಲಾದ ಉಡುಪಿ ಹೋಟೆಲಿನಲ್ಲಿ ಆಯುಷ್ಯ ಕಳೆದವನಿಗೆ ಇರುವೆ ಯಾವ ಲೆಕ್ಕ?

"ಹೋಟೆಲಲ್ಲಿ ಜಿಲೇಬಿಯನ್ನು ನಾವು ಹೇಗೆ ಕಾಯ್ತಾ ಇದ್ದದ್ದು? ಕೆಳಗೆ ನೀರು. ಇರುವೆಗೆ ಈಜು ಬರುವುದಿಲ್ಲ ಮಾರಾಯ್ತಿ."

ಅಂಚಿರುವ ಸ್ಟೀಲ್ ತಟ್ಟೆಗಳಲ್ಲಿ ನೀರು ಹಾಕಿ, ಒಂದೊಂದರ ನಡುವೆ ಒಂದೊಂದು ಡಬ್ಬಿ ಕೂರಿಸಿದ. ಇರುವೆ ನಿಂತೇ ಹೋಯಿತು. ತಟ್ಟೆಯ ನೀರನ್ನು ಗಂಡ ಬದಲಿಸುತ್ತಾನೆಂದು ವಾರಿಜಾ ತಿಳಿದಳು. ಗಿಡ ಅವಳದು, ಅವಳೇ ಬದಲಿಸುತ್ತಾಳೆಂದು ಸದಾನಂದ ತಿಳಿದ. ಕಡಿಮೆಯಾದಾಗ ಕಂಡವರು ಮೇಲಿಂದ ಒಂದು ಲೋಟ ಸುರಿದರು, ಅಷ್ಟೆ. ಇಬ್ಬರದ್ದೂ ಆದ ಕೆಲಸ ಯಾರದ್ದೂ ಆಗುವುದಿಲ್ಲ.

ಎದುರು ಮನೆಯ ರುದ್ರವ್ವ ವಿಜಯಪುರದ ಕಡೆಯವಳು. ಮಗ ಶಶಿಕಾಂತ, ಸೊಸೆ ಇಬ್ಬರಿಗೂ ಅಂಧೇರಿಯಲ್ಲಿ ನೌಕರಿ. ಮೊಮ್ಮಗಳು ಸ್ನೇಹಲ್ ಶಾಲೆಯಿಂದ ಬಂದವಳೇ ವಾರಿಜಾಳ ಕಿಟಕಿಯ ಬಳಿ ಕೂರುತ್ತಿದ್ದಳು. ಡಬ್ಬಿಯ ಗೋಡೆಗೆ ಅಂಟಿಕೊಂಡು ಇಳಿಯುವ ಬೇರಿನ ಹಸಿರು ತುದಿಗಳನ್ನು ಹುಡುಕುವುದು ಅವಳ ಆಟ. "ಆಜೀ, ದೇಖೋ, ಹೊಸ ಮೂಗು!" ಎಂದು ವಾರಿಜಾಳನ್ನು ಕೂಗುತ್ತಿದ್ದಳು.

ಎರಡು ದಿನದಿಂದ ಅವಳು ಬಂದಿರಲಿಲ್ಲ. ಮಧ್ಯಾಹ್ನ ರುದ್ರವ್ವ ಬಾಗಿಲು ತಟ್ಟಿದಳು.

"ವಾರಿಜಕ್ಕಾ, ನಿಮ್ಮಲ್ಲೆ ಥರ್ಮಾಮೀಟರ್ ಐತೇನ್ರಿ? ನಮ್ಮದು ಒಡದೈತಿ. ಹುಡುಗಿ ಮೈ ಕಾದ ಹಂಚಾಗೈತಿ. ಡಾಕ್ಟ್ರು ಡೆಂಗಿ ಇರಬಹುದು ಅಂದಾರ. ರಕ್ತ ಕೊಟ್ಟು ಬಂದೇವಿ, ಇನ್ನೊಂದ್ ತಾಸಿಗೆ ರಿಪೋರ್ಟು. ಶಶಿಕಾಂತ ಅಲ್ಲೇ ಕುಂತಾನ."

ಥರ್ಮಾಮೀಟರ್ ಕೊಟ್ಟು ಬಾಗಿಲು ಹಾಕಿದ ವಾರಿಜಾ ನೇರ ಕಿಟಕಿಗೆ ಹೋದಳು. ಮೊಗ್ಗಿನ ಗಿಡದ ಡಬ್ಬಿ ಎತ್ತಿದಳು. ತಟ್ಟೆಯ ನೀರಿನಲ್ಲಿ ಕೂದಲಿನ ತುಂಡುಗಳಂಥ ಹುಳುಗಳು ತಲೆಕೆಳಗಾಗಿ ತೂಗಿ, ಬೆಳಕು ಬಿದ್ದದ್ದೇ ಕೊಂಕಿ ಕೊಂಕಿ ಓಡಿದವು.

"ಇವರೆ, ಇಲ್ಲಿ ಬನ್ನಿ."

ಸದಾನಂದ ಕನ್ನಡಕ ಹಾಕಿಕೊಂಡು ಬಗ್ಗಿದ. ಏಳಲು ಹೊತ್ತು ಹಿಡಿಯಿತು.

"ಕುದಿನೀರು ಹಾಕಿ ಚೆಲ್ಲಿಬಿಡು. ಯಾರಿಗೂ ಎಂತದೂ ಹೇಳುವುದು ಬೇಡ."

"ಮಗುವಿಗೆ ಇಲ್ಲಿಂದಲೇ ಬಂದದ್ದಾದರೆ?"

"ಸೊಳ್ಳೆಗೆ ರೂಮ್ ನಂಬರ್ ಉಂಟಾ? ಬಿಲ್ಡಿಂಗಿನ ಹಿಂದೆ ಇಡೀ ಗಟಾರ ಉಂಟು."

"ಗಟಾರದ ಹತ್ತಿರ ಸ್ನೇಹಲ್ ಕೂತುಕೊಳ್ಳುವುದಿಲ್ಲ. ಇಲ್ಲಿ ಕೂತುಕೊಳ್ತಾಳೆ."

ವಾರಿಜಾ ನೀರು ಕುದಿಸಿ ತಟ್ಟೆಗಳಿಗೆ ಸುರಿದಳು. ಸೆರಗಿಗೆ ಕೈ ಒರೆಸಿಕೊಂಡು ಎದುರು ಮನೆಗೆ ನಡೆದಳು.

ಸ್ನೇಹಲ್ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಸಿಕೊಂಡು ಒಳಗೆ ಮಲಗಿದ್ದಳು. ವಾರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು: "ರುದ್ರವ್ವಾ, ನನ್ನ ಹೂವಿನ ತಟ್ಟೆಯಲ್ಲಿ ಸೊಳ್ಳೆಮರಿ ಇತ್ತು. ಈಗ ನೋಡಿದೆ. ಮಗು ಅಲ್ಲೇ ಕೂತುಕೊಳ್ತಿತ್ತು."

ರುದ್ರವ್ವ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದಳು. "ಎಷ್ಟ್ ದಿನದಿಂದ?"

"ಗೊತ್ತಿಲ್ಲ. ನೋಡಲೇ ಇಲ್ಲ."

"ವಾರಕ್ಕೊಮ್ಮೆ ಗಿಡಕ್ಕ ಬಾಣಂತಿಗೆ ಎರದಂಗ ಎರೀತೀರಿ. ಒಂದ್ ತಟ್ಟಿ ಎತ್ತಿ ನೋಡಾಕ ಆಗಲಿಲ್ಲೇನ್ರಿ?"

ವಾರಿಜಾ ತಲೆ ತಗ್ಗಿಸಿದಳು. ಬೈಯಲಿ ಎಂದೇ ಬಂದಿದ್ದಳು. ರುದ್ರವ್ವ ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದಳು. ಬಂದವಳ ದನಿ ಸ್ವಲ್ಪ ಇಳಿದಿತ್ತು.

"ನಿಂತು ಏನ್ ಮಾಡ್ತೀರಿ? ಆ ಕಡೆ ಹಿಡೀರಿ, ಫ್ರಿಜ್ ಸರಸೂಣು. ಹಿಂದ ನೀರು ನಿಲ್ಲೂ ಒಂದ್ ಟ್ರೇ ಇರತೈತಂತ, ನಾ ಒಮ್ಮೆನೂ ನೋಡಿಲ್ಲ. ಮಂದಿಗೆ ಅನ್ನೂಕಿಂತ ಮೊದಲ ನಮ್ಮ ಮನಿ ನೋಡ್ಕೋಬೇಕು."

ಇಬ್ಬರೂ ಉಸಿರು ಕಟ್ಟಿ ಫ್ರಿಜ್ ಎಳೆದರು. ಟ್ರೇಯಲ್ಲಿ ಕಂದು ಬಣ್ಣದ ನೀರಿತ್ತು, ಒಂದು ಸತ್ತ ಜಿರಳೆ ಇತ್ತು. ಟಾರ್ಚ್ ಬಿಟ್ಟು ನೋಡಿದರು, ಹುಳು ಇರಲಿಲ್ಲ.

"ಅಂದ್ರ ತಪ್ಪು ನಿಮ್ಮದ ಆತು," ಎಂದಳು ರುದ್ರವ್ವ. ಅದು ತಮಾಷೆಯೋ ಅಲ್ಲವೋ ವಾರಿಜಾಳಿಗೆ ತಿಳಿಯಲಿಲ್ಲ.

ಆಗ ಫೋನ್ ಬಂತು. ರುದ್ರವ್ವ ಒದ್ದೆ ಬೆರಳಿನಿಂದಲೇ ಸ್ಪೀಕರ್ ಒತ್ತಿದಳು.

"ಅವ್ವಾ, ಡೆಂಗಿ ಇಲ್ಲ. ಮಲೇರಿಯಾನೂ ಇಲ್ಲ," ಶಶಿಕಾಂತನ ದನಿ. "ಡಾಕ್ಟ್ರಿಗೆ ತೋರಿಸಿದೆ, ಸಾದಾ ವೈರಲ್ ಅಂದ್ರು. ಸಾಲ್ಯಾಗ ಅಕಿ ಕ್ಲಾಸಿನ ಅರ್ಧ ಹುಡುಗ್ರು ಮಲಗ್ಯಾರಂತ."

ವಾರಿಜಾ ಫ್ರಿಜ್‌ಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ರುದ್ರವ್ವ ಅವಳನ್ನು ನೋಡುತ್ತ ಚಹಾಕ್ಕೆ ನೀರಿಟ್ಟಳು.

"ಹೇಳದ ಇದ್ದಿದ್ರ ನಡೀತಿತ್ತಲ್ರಿ. ನನಗೇನ್ ಗೊತ್ತಾಗತಿತ್ತು?"

"ನಡೀತಿತ್ತು. ಆಮೇಲೆ ನಿಮ್ಮ ಮನೆಯ ಚಹಾ ನನಗೆ ಇಳೀತಿರಲಿಲ್ಲ."

ಬಾಗಿಲಲ್ಲಿ ಸದಾನಂದ ಕಾಣಿಸಿದ. ಮೊಣಕೈವರೆಗೆ ಒದ್ದೆ. ಹೊಸ್ತಿಲು ದಾಟದೆ ನಿಂತಿದ್ದ.

"ಮಗು ಹೇಗುಂಟು?"

"ಒಳಗ ಬರ್ರಿ ಅಣ್ಣಾರ. ಡೆಂಗಿ ಅಲ್ಲಂತ. ಈಗ ಹೇಳ್ರಿ, ಇನ್ಮ್ಯಾಲ ತಟ್ಟಿ ಯಾರು ತೊಳಿಯೋರು?"

ಸದಾನಂದ ಹೊಸ್ತಿಲು ದಾಟಿ ಒಳಗೆ ಬಂದ. ಆಮೇಲೆ ಹೇಳಿದ: "ತೊಳೆಯಲಿಕ್ಕೆ ತಟ್ಟೆಯೇ ಇಲ್ಲ. ಎಲ್ಲ ಕೆಳಗೆ ಬಂದ ಭಂಗಾರಿನವನಿಗೆ, ಗುಜರಿಗೆ ಕೊಟ್ಟೆ."

"ಅಯ್ಯೋ! ಅದರಲ್ಲಿ ನನ್ನ ತವರಿನ ತಟ್ಟೆ ಉಂಟಲ್ಲಾ!" ಎಂದು ವಾರಿಜಾ ನೆಲದಿಂದಲೇ ಕೂಗಿದಳು. ಕೂಗಿದವಳಿಗೇ ನಗು ಬಂತು. ರುದ್ರವ್ವ ಸೌಟು ಹಿಡಿದುಕೊಂಡೇ ನಕ್ಕಳು. ಎರಡು ದಿನದಿಂದ ಆ ಅಡುಗೆಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಗದ್ದಲಕ್ಕೆ ಒಳಗಿನಿಂದ ಹಸಿದ ಸಣ್ಣ ದನಿ ಬಂತು. "ಅಜ್ಜೀ, ಭೂಕ್ ಲಗೀ ಹೈ."

ರುದ್ರವ್ವ ಸೌಟು ಕೆಳಗಿಡುವ ಮೊದಲೇ ವಾರಿಜಾ ಎದ್ದಿದ್ದಳು. "ನೀವು ಮಗುವಿನ ಹತ್ತಿರ ಹೋಗಿ. ಗಂಜಿ ನಾನು ಮಾಡ್ತೇನೆ," ಎಂದು ಅಕ್ಕಿಯ ಡಬ್ಬಿ ಎಲ್ಲಿದೆಯೆಂದು ಕೇಳದೆಯೇ ತೆಗೆದಳು.