ಹೆಗಲ ಮೇಲಿನ ಮನೆ

ಶುಕ್ರವಾರದ ನಮಾಜು ಮುಗಿಸಿ ಗಂಡಸರು ಮಸೀದಿಯಿಂದ ಹೊರಬೀಳುವ ಹೊತ್ತಿಗೆ ಚೆನ್ನಿಂಗ್ ಇನ್ನೊಂದು ಎಲೆಯಡಿಕೆ ಮಡಿಸಿ ದವಡೆಗೆ ತುರುಕಿಕೊಂಡಳು. ಬಾಯಿ ತುಂಬಿದ್ದರೆ ಮಾತು ಹೊರಬರುವುದಿಲ್ಲ ಎಂಬುದು ಅವಳ ಲೆಕ್ಕ. ಮನೆ ಹೊಸ ಜಾಗದಲ್ಲಿ ಇಳಿಯುವವರೆಗೆ ಯಾರಿಗೂ ಏನೂ ಅನ್ನುವುದಿಲ್ಲವೆಂದು ಗಂಡ ಲಾ ಮಪ್ಪನಿಗೆ ಮಾತು ಕೊಟ್ಟಿದ್ದಳು. ಮದುವೆಯಾದ ಮೇಲೆ ಆ ಸಾಧುಪ್ರಾಣಿ ಅವಳಲ್ಲಿ ಬಾಯಿಬಿಟ್ಟು ಕೇಳಿಕೊಂಡದ್ದು ಅದೊಂದನ್ನೇ.

ಹೊಳೆ ವರ್ಷವರ್ಷವೂ ದಂಡೆಯನ್ನು ತಿನ್ನುತ್ತಾ ಬಂದು ಈಗ ಅವರ ಮನೆಯ ಹಿಂಬದಿಯ ಕಂಬಗಳ ಬುಡಕ್ಕೇ ಬಾಯಿ ಹಾಕಿತ್ತು. ಮುಂದಿನ ಮಳೆ ಹಿಡಿಯಿತೆಂದರೆ ಮನೆ ಹೊಳೆಯ ಪಾಲು. ಗದ್ದೆಯಾಚೆ, ಮಸೀದಿ ಪಕ್ಕದ ದಿಬ್ಬದಲ್ಲಿ ಜಾಗವೇನೋ ಸಿಕ್ಕಿತ್ತು. ಆದರೆ ಕಂಬಗಳ ಮೇಲೆ ನಿಂತ ಆ ಮರದ ಮನೆಯ ಹಲಗೆಗಳು ಹಳೆಯವು, ಬಿಚ್ಚಿದರೆ ಮತ್ತೆ ಕೂಡುವಂಥವಲ್ಲ. ಇದ್ದಹಾಗೇ ಎತ್ತಿ ಹೊತ್ತೊಯ್ಯಬೇಕು. ಊರಿನ ಮನೆಗಳೆಲ್ಲ ಒಂದಲ್ಲ ಒಂದು ಸಲ ಹಾಗೆ ಜನರ ಹೆಗಲೇರಿದವೇ. ಅದಕ್ಕೆ ಕೂಲಿಯಿಲ್ಲ, ಬಲವಂತವೂ ಇಲ್ಲ. ಮನಸ್ಸಿದ್ದವರು ಬಂದು ಹೆಗಲು ಕೊಡುತ್ತಾರೆ, ಇಲ್ಲದವರು ಬರುವುದಿಲ್ಲ. ಚೆನ್ನಿಂಗಳ ನಿದ್ದೆ ಕೆಡಿಸಿದ್ದು ಅದೇ.

ಅವರ ಭಾಷೆಯಲ್ಲಿ ಅವಳ ಹೆಸರಿಗೆ ಸಿಹಿ ಎಂಬ ಅರ್ಥವಿದ್ದರೂ ನಾಲಿಗೆಗೂ ಹೆಸರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಊರಲ್ಲಿ ಅವಳಿಂದ ಅನ್ನಿಸಿಕೊಳ್ಳದವನು ಇನ್ನೂ ಹುಟ್ಟಬೇಕಿತ್ತು. ಮೀನು ಮಾರುವ ಅಕ್ಕಿಲನಿಗೆ ನಿನ್ನ ಮೀನಿಗಿಂತ ನೀನೇ ಹೆಚ್ಚು ನಾರುತ್ತೀ ಎಂದಿದ್ದಳು. ಮಸೀದಿಯ ಇಮಾಮರಿಗೂ, ಉಪದೇಶ ಉದ್ದವಾಯಿತು, ಒಲೆ ಮೇಲಿನ ಅನ್ನ ಸೀದುಹೋಯಿತು ಎಂದು ದಾರಿಯಲ್ಲೇ ತಡೆದು ಹೇಳಿದ್ದಳು. ಇವೆಲ್ಲ ನಕ್ಕು ಮರೆಯುವಂಥವು. ಮೇಲಿನ ಕೇರಿಯ ರುಸ್ತಾಂಗನದು ಮಾತ್ರ ಹಾಗಲ್ಲ. ಅವನ ಮಗನ ಮದುವೆಯ ಪಂಕ್ತಿಯಲ್ಲಿ ಬೀಗರ ಎದುರಿಗೇ ಅವಳು, ಇದು ತೆಂಗಿನಹಾಲಿನ ಸಾರೋ, ತೆಂಗಿನಕಾಯಿ ತೊಳೆದ ನೀರೋ ಎಂದುಬಿಟ್ಟಿದ್ದಳು. ಅಂದಿನಿಂದ ರುಸ್ತಾಂಗ್ ಅವಳ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದ. ಅವನೂ ಅವನ ತಮ್ಮಂದಿರೂ ಎತ್ತಿನಂಥ ಆಳುಗಳು. ಅವರಿಲ್ಲದೆ ಮನೆ ಏಳದು ಎಂದು ಎಲ್ಲರಿಗೂ ಗೊತ್ತಿತ್ತು.

ನಸುಕಿನಿಂದ ಅವಳು ನೆರೆಯ ಹೆಂಗಸರನ್ನು ಕೂಡಿಸಿಕೊಂಡು ಬಾಳೆಹಣ್ಣು ಕಿವುಚಿ, ಮೊಟ್ಟೆ, ತೆಂಗಿನಹಾಲು ಬೆರೆಸಿ, ಎಲೆಯಲ್ಲಿ ಕಟ್ಟಿ ಬರೊಂಕೊ ಎಂಬ ಸಿಹಿ ಕಡುಬು ಬೇಯಿಸಿದ್ದಳು. ರಾಶಿ ನೋಡಿದಾಗಲೆಲ್ಲ, ಇದನ್ನು ತಿನ್ನಲು ಯಾರೂ ಬರದಿದ್ದರೆ ಎಂದು ಗದ್ದೆಯ ದಾರಿಯತ್ತ ಕಣ್ಣು ಹಾಯಿಸುತ್ತಿದ್ದಳು.

ಬಂದರು. ಮೊದಲು ಇಮಾಮರು ಲುಂಗಿ ಮೇಲೆತ್ತಿ ಕಟ್ಟಿಕೊಂಡು ಬಂದರು. ಹಿಂದೆ ಅಕ್ಕಿಲ, ಅವನ ಹಿಂದೆ ಕೆಳಗಿನ ಕೇರಿ ಪೂರ್ತಿ. ಕೊನೆಗೆ, ಯಾರ ಮುಖವನ್ನೂ ನೋಡದೆ, ತಮ್ಮಂದಿರನ್ನು ಕಟ್ಟಿಕೊಂಡು ರುಸ್ತಾಂಗ್. ಮನೆ ಹೊರಲೆಂದು ಕಂಬಗಳಿಗೆ ಅಡ್ಡ ಕಟ್ಟಿದ್ದ ಬಿದಿರುಗಳಲ್ಲಿ ಮುಂದಿನದಕ್ಕೆ ಸೀದಾ ಹೋಗಿ ಹೆಗಲಿಟ್ಟು ನಿಂತ. ಚೆನ್ನಿಂಗ್ ಎರಡು ಹೆಜ್ಜೆ ಮುಂದೆ ಬಂದಳು. ಏನಾದರೂ ಹೇಳೋಣವೆಂದರೆ ಬಾಯಿ ತುಂಬ ಎಲೆಯಡಿಕೆ.

ಅವಳ ಮೌನ ಜನಕ್ಕೆ ಒಗ್ಗಲಿಲ್ಲ. ಮೈ ಹುಷಾರಿಲ್ಲವೇ ಎಂದು ಒಬ್ಬರು ಲಾ ಮಪ್ಪನನ್ನು ವಿಚಾರಿಸಿದರು. ಹಲ್ಲುನೋವಿರಬೇಕು ಎಂದರು ಇನ್ನೊಬ್ಬರು. ಸಾವಿನ ಮನೆಗೆ ಬಂದವರ ಹಾಗೆ ಎಲ್ಲರೂ ಪಿಸುಗುಡುತ್ತಾ ಬಿದಿರುಗಳಡಿ ಸೇರಿಕೊಂಡರು. ಮನೆ ಎತ್ತಿಸುವುದರಲ್ಲಿ ಪಳಗಿದ ಮುದುಕ ತಂದ್ರ ಮುಂದೆ ನಿಂತು ಕೂಗು ಕೊಟ್ಟ. ಮನೆ ನರಳಿತು, ನೆಲ ಬಿಟ್ಟಿತು, ಗದ್ದೆಗಿಳಿಯಿತು.

ನಡುಗದ್ದೆಯವರೆಗೆ ಹೇಗೋ ಬಂತು. ಅಲ್ಲಿ ಕೊಯ್ಲಾದ ಮೇಲೂ ಕೆಸರು ಆರಿರಲಿಲ್ಲ. ಮುಂದಿನ ಬಲಮೂಲೆಯವರು ಮೊಣಕಾಲುದ್ದ ಹೂತುಕೊಂಡರು. ಮನೆ ಆ ಕಡೆಗೆ ವಾಲಿ, ಮಾಡಿನ ತೊಲೆ ಲಟಲಟ ಎಂದಿತು. ತಂದ್ರ ಕೂಗಿದ. ಮುಂದಿನವರು ಎತ್ತಿದಾಗ ಹಿಂದಿನವರು ಉಸಿರು ಬಿಡುತ್ತಿದ್ದರು, ಹಿಂದಿನವರು ಎತ್ತಿದಾಗ ಮುಂದಿನವರು ಕಾಲು ಹುಡುಕುತ್ತಿದ್ದರು. ಮುದುಕನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಲೇ ಇರಲಿಲ್ಲ. ಮನೆ ಇನ್ನೂ ಒಂದು ಗೇಣು ವಾಲಿತು. ಇಳಿಸಿಬಿಡೋಣ ಎಂದು ಯಾರೋ ಅಂದರು. ಆ ಕೆಸರಲ್ಲಿ ಇಳಿಸಿದರೆ ಮತ್ತೆ ಏಳುವುದುಂಟೆ?

ಬದುವಿನ ಮೇಲಿದ್ದ ಚೆನ್ನಿಂಗ್ ಗಂಡನತ್ತ ನೋಡಿದಳು. ಅವನು ಬಿದಿರಿನಡಿ ಕತ್ತಿನ ನರ ಉಬ್ಬಿಸಿಕೊಂಡು ನಿಂತಿದ್ದ. ಅವಳು ಎಲೆಯಡಿಕೆ ಥೂ ಎಂದು ಉಗಿದಳು.

"ಲೋ ಅಕ್ಕಿಲ, ಮೀನು ತೂಗೋವಾಗ ತಕ್ಕಡಿ ಒತ್ತೋ ಕೈ ಈಗೆಲ್ಲೋ ಹೋಯ್ತು? ಇಮಾಮ್ರೇ, ಉಪದೇಶ ಮಾಡೋವಾಗ ಇರೋ ಉಸಿರು ಇವತ್ತು ಮನೇಲಿ ಬಿಟ್ ಬಂದ್ರಾ? ಹಿಂದಿನೋರೇ, ನಿಮ್ಮನ್ನ ಹೆಗಲು ಕೊಡಕ್ಕೆ ಕರೆದಿದ್ದು ಕಣ್ರೋ, ನೇತಾಡಕ್ಕಲ್ಲ."

ಬಿದಿರುಗಳಡಿ ಒಂದು ಕಿಸಕ್ ಕೇಳಿಸಿತು, ಆಮೇಲೆ ಇನ್ನೊಂದು. ಆ ದನಿ ಹಿಂದಿನ ಸಾಲಿಗೂ ಮುಟ್ಟಿತ್ತು, ಹೊಳೆಯಾಚೆಗೂ ಮುಟ್ಟಿತ್ತು. ಸಾಲಾಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಾ ಬಂದವಳು ಬಲಮೂಲೆಗೆ ತಲುಪಿದಳು. ಅಲ್ಲಿ ರುಸ್ತಾಂಗ್ ಕೆಸರಲ್ಲಿ ಹೂತು ಆ ಮೂಲೆಯ ಭಾರವನ್ನೆಲ್ಲ ತಾನೊಬ್ಬನೇ ತಡೆದಿದ್ದ. ನಾಲಿಗೆ ಒಂದು ಕ್ಷಣ ತಡವರಿಸಿತು. ಆದರೆ ತೊಲೆ ಮತ್ತೆ ಲಟಕ್ಕೆಂದಿತು.

"ರುಸ್ತಾಂಗ್, ಆ ನೀರುಸಾರು ಉಂಡು ಬೆಳೆದ ಮೈಯೇನೋ ಇದು? ಎತ್ತೋ."

ಲಾ ಮಪ್ಪ ಕಣ್ಣು ಮುಚ್ಚಿಕೊಂಡ. ರುಸ್ತಾಂಗ್ ಬೆವರು ಸುರಿಯುವ ಮುಖವನ್ನು ಮೆಲ್ಲಗೆ ಇತ್ತ ತಿರುಗಿಸಿದ.

"ಆ ನೀರುಸಾರನ್ನ ಮೂರ್ ಮೂರ್ ಸಲ ಹಾಕಿಸ್ಕೊಂಡು ಸುರಿದವ್ರು ಯಾರು ಚೆನ್ನಿಂಗಕ್ಕ?"

ಮೊದಲು ನಕ್ಕದ್ದು ಇಮಾಮರು. ಆಮೇಲೆ ಯಾರು ಯಾರೆಂದು ಹೇಳುವುದು? ಮನೆಯಡಿಯಿಂದ ನಗು ಉಕ್ಕಿ ಗೋಡೆಯ ಹಲಗೆಗಳು ಗಡಗಡ ನಡುಗಿದವು. ಚೆನ್ನಿಂಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ "ಈಗ" ಎಂದಳು. ನಕ್ಕು ನಕ್ಕು ಎಲ್ಲರ ಉಸಿರೂ ಒಂದೇ ತಾಳಕ್ಕೆ ಬಿದ್ದಿತ್ತು, ಹೆಗಲುಗಳೂ ಒಟ್ಟಿಗೇ ಎದ್ದವು. ಕೆಸರು ಪಚಕ್ಕೆಂದು ಕಾಲುಗಳನ್ನು ಬಿಟ್ಟಿತು.

ಅಲ್ಲಿಂದ ದಿಬ್ಬದವರೆಗೆ ಮನೆ ನಡೆಯಿತೆನ್ನುವುದಕ್ಕಿಂತ ಓಡಿತೆನ್ನಬೇಕು. ಅವಳು ಸುಸ್ತಾಗಿ ಸುಮ್ಮನಾದರೆ ಮನೆಯಡಿಯಿಂದ, ನನಗಿನ್ನೂ ಬೈದಿಲ್ಲ ಅಕ್ಕ ಎಂಬ ತಕರಾರು ಬರುತ್ತಿತ್ತು. ತಂದ್ರ ಮುದುಕ ತನ್ನ ಕೆಲಸ ಬಿಟ್ಟು ಬದುವಿನ ಮೇಲೆ ಕೂತು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಇಳಿಸುವಾಗ ಮಾತ್ರ ಅವನೇ ಎದ್ದುಬಂದು, ಒಂದೊಂದು ಕಂಬವನ್ನೂ ಅದಕ್ಕೆಂದು ಹೂಡಿಟ್ಟಿದ್ದ ಕಲ್ಲಿನ ಮೇಲೆ ಸರಿಯಾಗಿ ಕೂರಿಸಿದ.

ಬರೊಂಕೊ ಸಾಲಲಿಲ್ಲ. ಹೆಂಗಸರು ಮತ್ತೆ ಒಲೆ ಹೊತ್ತಿಸಬೇಕಾಯಿತು. ಮನೆಯಡಿಯ ನೆರಳಲ್ಲಿ ಚೆನ್ನಿಂಗ್ ಕೊಬ್ಬರಿ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕೂತಳು. ಗಂಡಸರು ಒಬ್ಬೊಬ್ಬರಾಗಿ ಬಂದು ಬೆನ್ನು ಕೊಟ್ಟು ಕೂತರು. ಬಿದಿರು ಒತ್ತಿ ಕೆಂಪಾದ ಹೆಗಲುಗಳಿಗೆ ಅವಳು ಎಣ್ಣೆ ಹಚ್ಚಿದಳು, ಹಚ್ಚುತ್ತಾ ಒಬ್ಬೊಬ್ಬನನ್ನೂ ಹಂಗಿಸಿದಳು.

ಕಟ್ಟಕಡೆಗೆ ರುಸ್ತಾಂಗ್ ಬಂದು ಅಂಗಿ ಕಳಚಿ ಕೂತ. ಬಲ ಹೆಗಲಿನ ಚರ್ಮ ಅಂಗೈಯಗಲ ಕಿತ್ತುಬಂದಿತ್ತು.

ಸುತ್ತಲಿದ್ದವರು ತಿನ್ನುವುದು ನಿಲ್ಲಿಸಿ, ಈಗ ಏನು ಅನ್ನುತ್ತಾಳೋ ಎಂದು ಕಾದರು. ಚೆನ್ನಿಂಗ್ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆರಳು ಅದ್ದಿ ಗಾಯದ ಅಂಚಿಗೆ ಎಣ್ಣೆ ಮುಟ್ಟಿಸಿದಳು.

"ಉರೀತದೇನೋ?"

"ಇಲ್ಲಕ್ಕ," ಎಂದ ರುಸ್ತಾಂಗ್.

ಎಣ್ಣೆ ಯಾವಾಗಲೋ ಇಂಗಿಹೋಗಿತ್ತು. ಅವಳು ಇನ್ನೂ ಸವರುತ್ತಲೇ ಇದ್ದಳು. ಅವನೂ ಏಳಲಿಲ್ಲ.